ಉಲ್ಹಾಸ ಕಣಿವೆಗೆ ಯಾವ ಬಣ್ಣ?

ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪ್ರಯಾಣ ಮಾಡುವ ನಮ್ಮ ಓದುಗ ಬಂಧುಗಳಿಗೆ ಕರ್ಜತ್ ನಿಲ್ದಾಣವು ಅಪರಿಚಿತವಾದುದಲ್ಲ. ಘಟ್ಟವನ್ನೇರುವುದಕ್ಕಾಗಿ ಗಾಡಿಯ ಹಿಂಭಾಗಕ್ಕೆ ಹೆಚ್ಚಿನ ಇಂಜಿನುಗಳನ್ನು ಜೋಡಿಸುವಷ್ಟರಲ್ಲಿ ವಡೆಯ ಪೊಟ್ಟಣವೊಂದನ್ನು ಕೊಂಡು ತರಲು ಅಲ್ಲಿ ಅವಕಾಶವಿರುತ್ತದೆ. ಅನಂತರ ಗಾಡಿಯು ಬೋರ್ ಘಾಟಿಯನ್ನು ಏರತೊಡಗಿದೊಡನೆ ಎಡಗಡೆಯ ಕಿಟಕಿಯಾಚೆ ಭೂಮಿಯು ಒಮ್ಮೆಲೇ ಕುಸಿದಂತೆ ಆಳವಾದ ಕಣಿವೆಯೊಂದು ತೆರೆದುಕೊಳ್ಳುತ್ತದೆ. ಅದೇ ಉಲ್ಹಾಸ ಕಣಿವೆ. ಆಚೆಯ ದಿಬ್ಬದ ಮೇಲೆ ರಾಜಮಾಚಿಯ ಶ್ರೀವರ್ಧನ, ಮನರಂಜನ ಎಂಬ ಜೋಡಿ ಕೋಟೆಗಳು. ಅದರ ಬುಡದ ಕಾಡಿನಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಕೊಂಡಾಣೆಯ ಗುಹೆಗಳು. ಆಷಾಢ ಶ್ರಾವಣಗಳಲ್ಲಿ ಆ ಕರಿಬಂಡೆಯ ಗೋಡೆಗಳಿಂದ ಇಳಿಯುವ ನೀರಿನ ಧಾರೆಗಳನ್ನು ಕಂಡು, ನಮ್ಮ ಆಗುಂಬೆಯನ್ನೋ ಚಾರ್ಮಾಡಿಯನ್ನೋ ನೆನೆಯದ ಘಟ್ಟದ ಕೆಳಗಿನವನಿರಲಾರನು.

ಆ ನೀರು ನೋಡುವುದಕ್ಕೆ ಮಾತ್ರ ಇರುವುದಲ್ಲವೆಂಬುದನ್ನು ಇಲ್ಲಿ ಹೇಳಬೇಕಾಗಿದೆ. ರಾಜಮಾಚಿಯ ಬೆಟ್ಟಗಳಲ್ಲಿ ಹುಟ್ಟಿದ ಉಲ್ಹಾಸ ನದಿಯು ಕರ್ಜತ್, ನೇರಳ್, ವಾಂಗಣಿಗಳ ಬಯಲನ್ನು ದಾಟಿ, ಬದಲಾಪುರದ ಮಾರ್ಗವಾಗಿ ಕಲ್ಯಾಣಕ್ಕೆ ಬಂದು ಮುಂದೆ ವಸಯಿಯ ಖಾರಿಯನ್ನು ಸೇರುತ್ತದೆ. ಬದಲಾಪುರ, ಅಂಬರನಾಥ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳ ನಲ್ಲಿಗಳಲ್ಲಿ ಬರುವ ನೀರಿನ ಬಹುಪಾಲು ಈ ನದಿಯದು, ಇಲ್ಲವೆ ಅದರ ಉಪನದಿಯಾದ ಬಾರವಿಯದು. ಬೇಸಗೆಯಲ್ಲಿಯೂ ಉಲ್ಹಾಸವು ಬತ್ತದಿರುವುದಕ್ಕೆ ಇನ್ನೊಂದು ಕಾರಣವಿದೆ. 1922ರಲ್ಲಿ ಟಾಟಾದವರು ಭಿವಪುರಿಯಲ್ಲಿ ವಿದ್ಯುದಾಗಾರವನ್ನು ಪ್ರಾರಂಭಿಸಿ, ಘಟ್ಟದ ಮೇಲೆ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರಬೇಕಾಗಿದ್ದ ಆಂಧ್ರಾ ನದಿಯ ನೀರನ್ನು ಕೊಳವೆಗಳ ಮೂಲಕ ಪಶ್ಚಿಮಕ್ಕೆ ಧುಮುಕಿಸಿದರು. ವಿದ್ಯುತ್ತನ್ನು ಕೊಟ್ಟು ಕೆಳಗಿಳಿದ ಆ ನೀರು ಉಲ್ಹಾಸವನ್ನು ಸೇರುತ್ತದೆ. ಅಂದರೆ ವಿಜಯಪುರ, ಕಲಬುರಗಿಗಳತ್ತ ಹೋಗಬೇಕಾಗಿದ್ದ ಭೀಮೆಯ ನೀರಿನಲ್ಲಿ ಒಂದು ಪಾಲು ಡೊಂಬಿವಲಿಯ ಹೋಟೆಲುಗಳಲ್ಲಿ ಇಡ್ಲಿಯ ಹಿಟ್ಟಾಗುತ್ತಿದೆ ಎಂದರೆ ತಮಾಷೆಯಾಗಿ ಕಂಡರೂ ಸುಳ್ಳಲ್ಲ.

ನವಿ ಮುಂಬಯಿಯವರ ನೀರು ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನಿಂದ ಬರುತ್ತದೆ. ಮಾಥೇರಾನಿನ ದಕ್ಷಿಣಕ್ಕೆ, ಇರ್ಶಾಲಗಡದ ಬುಡದಲ್ಲಿ, ಧಾವರಿ ನದಿಗೆ ಕಟ್ಟಿದ ಮೊರಬೆ ಅಣೆಕಟ್ಟು ನವಿ ಮುಂಬಯಿ ಮಹಾನಗರಪಾಲಿಕೆಯ ಸ್ವಂತ ಸೊತ್ತು. ಅದರ ಸಾಮರ್ಥ್ಯ ಸುಮಾರು 190 ದಶಲಕ್ಷ ಘನ ಮೀಟರ್. ಆದುದರಿಂದ ವಾಶಿ ನೇರೂಳಗಳಲ್ಲಿ ಮನೆ ಮಾಡಿಕೊಂಡವರಾಗಲಿ, ಕಲ್ಯಾಣ ಡೊಂಬಿವಲಿಗಳಲ್ಲಿ ನೆಲೆಸಿದವರಾಗಲಿ, ಆ ಬೆಟ್ಟಗಳ ಮೇಲೆ ಯಾರು ಏನನ್ನು ಕಟ್ಟುತ್ತಾರೆಂಬುದು ತಮಗೆ ಸಂಬಂಧಪಟ್ಟುದಲ್ಲವೆಂದು ಹೇಳುವಂತಿಲ್ಲ. ಹಲವು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕುಳಿತು, ಮೇ ತಿಂಗಳಲ್ಲಿ ಟ್ಯಾಂಕರಿನವನ ದಾರಿಯನ್ನು ಕಾದ ನಮಗೆ ನೀರಿನ ಬೆಲೆಯನ್ನು ಬೇರೆಯವರು ಕಲಿಸಬೇಕಾದುದಿಲ್ಲ.

ಕರ್ಜತ್, ನೇರಳಗಳ ನಡುವೆ ನಿಂತು ನೋಡಿದರೆ ಈ ಕಣಿವೆಗೆ ಎರಡು ಗೋಡೆಗಳೂ ಒಂದು ನೆಲವೂ ಕಾಣುತ್ತವೆ. ಪಶ್ಚಿಮದ ಗೋಡೆ ಮಾಥೇರಾನಿನ ಬೆಟ್ಟ. ಪೂರ್ವದ ಗೋಡೆ ಖಂಡಾಳೆಯಿಂದ ಭೀಮಾಶಂಕರದವರೆಗಿನ ಸಹ್ಯಾದ್ರಿ. ನಡುವಿನ ನೆಲದಲ್ಲಿ ನದಿ, ಭತ್ತದ ಗದ್ದೆ, ಹಳ್ಳಿಗಳು. ನಿಸರ್ಗಕ್ಕೆ ಇವು ಮೂರೂ ಒಂದೇ. ಆದರೆ ಸರಕಾರದ ನಕಾಶೆಯಲ್ಲಿ ಮೂರಕ್ಕೂ ಮೂರು ಬೇರೆ ಬೇರೆ ಗತಿಗಳಾಗಿವೆ.

ಪಶ್ಚಿಮದ ಗೋಡೆಯ ಕಥೆಯನ್ನು ಮೊದಲು ಹೇಳೋಣ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬವನು ಮಾಥೇರಾನನ್ನು ಏರಿದನು. ಗವರ್ನರ್ ಎಲ್ಫಿನ್‌ಸ್ಟನ್ ಅದನ್ನು ಗಿರಿಧಾಮವನ್ನಾಗಿ ಮಾಡಲು ಮುಂದಾದನು. ಆದಮಜೀ ಪೀರಭಾಯಿಯವರ ಕುಟುಂಬದ ಸಾಹಸದಿಂದ ನೇರಳದಿಂದ ಮೇಲಕ್ಕೆ ಪುಟ್ಟ ರೈಲುಮಾರ್ಗವು 1907ರಲ್ಲಿ ಪೂರ್ಣವಾಯಿತು. ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಊರಿನೊಳಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವೆಂಬುದನ್ನು ಅಲ್ಲಿಗೆ ಹೋಗಿಬಂದವರೆಲ್ಲರೂ ಬಲ್ಲರು. ಆದರೆ ಊರಿನಲ್ಲಿ ವಾಹನವಿಲ್ಲದ ಮಾತ್ರಕ್ಕೆ ಬೆಟ್ಟವು ಉಳಿಯುವುದಿಲ್ಲ. ಬುಡದ ಇಳಿಜಾರುಗಳಲ್ಲಿ ಕಲ್ಲು ಕ್ವಾರಿಗಳೂ ಬಂಗಲೆಗಳೂ ಬಂದರೆ ಮೇಲಿನ ಕಾಡಿಗೆ ಬೇರಿಲ್ಲದಂತಾಗುತ್ತದೆ. ಪರಿಸರದ ಕಾಳಜಿಯುಳ್ಳವರ ಒತ್ತಾಯದಿಂದಲೂ ನ್ಯಾಯಾಲಯಗಳ ಮೂಲಕ ನಡೆದ ಪ್ರಯತ್ನದಿಂದಲೂ ಕೇಂದ್ರ ಸರಕಾರವು 2003ರ ಫೆಬ್ರವರಿ 4ರಂದು ಮಾಥೇರಾನನ್ನೂ ಅದರ ಸುತ್ತಲಿನ 214.73 ಚದರ ಕಿಲೋಮೀಟರ್ ಪ್ರದೇಶವನ್ನೂ, ಅದರಾಚೆ 200 ಮೀಟರಿನ ಅಂಚನ್ನೂ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು.

ಈ ಘೋಷಣೆಯ ತಿರುಳನ್ನು ನಮ್ಮವರು ಸರಿಯಾಗಿ ತಿಳಿಯಬೇಕು. ಅದು ಬೆಟ್ಟಕ್ಕೆ ಬೇಲಿ ಹಾಕಿ ಜನರನ್ನು ಹೊರಗಟ್ಟಿದ ಆಜ್ಞೆಯಲ್ಲ. ಭೂಮಿಯ ಉಪಯೋಗಕ್ಕೆ ಒಂದು ಯೋಜನೆಯನ್ನು ಮಾಡಿರೆಂದು ಹೇಳಿದ ಆಜ್ಞೆ. ಎರಡು ವರ್ಷಗಳೊಳಗೆ ವಲಯಕ್ಕೆಲ್ಲ ಒಂದು ಮಹಾಯೋಜನೆಯಾಗಬೇಕು. ಕಾಡು, ಹಸಿರು ಪ್ರದೇಶ, ಬೇಸಾಯದ ಭೂಮಿ ಇವುಗಳನ್ನು ಬೇರೆ ಉಪಯೋಗಕ್ಕೆ ಬದಲಿಸಬಾರದು. ಕಡಿದಾದ ಇಳಿಜಾರುಗಳಲ್ಲಿ ಕಟ್ಟಡಗಳು ಬೇಡ. ಹೊಸ ಕ್ವಾರಿ ಬೇಡ. ಇವುಗಳ ಮೇಲೆ ಕಣ್ಣಿಡಲು ಒಂದು ಸಮಿತಿ ಇರಲಿ ಎಂಬುದು ಅದರ ಸಾರ. ಬೆಳೆಯುತ್ತಿರುವ ಸ್ಥಳೀಯ ಕುಟುಂಬಗಳ ವಸತಿಗೆ ಬೇಕಾದಷ್ಟು ಜಾಗವನ್ನು ಮಾತ್ರ ಸಮಿತಿಯ ಒಪ್ಪಿಗೆಯಿಂದ ಬದಲಿಸಿಕೊಳ್ಳಲು ಅವಕಾಶವಿತ್ತು. ಎರಡು ವರ್ಷದ ಗಡುವು ಎಂದೋ ಮೀರಿತು, ಯೋಜನೆಯು ಅನೇಕ ವರ್ಷ ಕಾಗದದಲ್ಲಿಯೇ ತೆವಳಿತು ಎಂಬುದೂ ನಿಜವೇ. ಹಾಗಿದ್ದರೂ ಆ ಗೆರೆಯಿಂದ ಪ್ರಯೋಜನವಾಗಿದೆ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ರಾಜ್ಯಕ್ಕೆಲ್ಲ ಏಕರೂಪದ ಕಟ್ಟಡ ನಿಯಮಾವಳಿಯನ್ನು ತಂದಾಗ, ಕೇಂದ್ರವು ಘೋಷಿಸಿದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಅದರಿಂದ ಹೊರಗಿಟ್ಟಿತು. ಗೆರೆಯ ಒಳಗೆ ಒಂದು ನ್ಯಾಯ, ಹೊರಗೆ ಇನ್ನೊಂದು.

ಪೂರ್ವದ ಗೋಡೆಯಲ್ಲಿ ಭೀಮಾಶಂಕರದ ಅಭಯಾರಣ್ಯವಾದ ಭಾಗಕ್ಕೆ 1985ರಿಂದ ರಕ್ಷಣೆಯಿದೆ. ಉಳಿದುದಕ್ಕೆ ದೆಹಲಿಯ ಕರಡು ಆಜ್ಞೆಯೇ ಆಧಾರವೆಂದು ನಂಬಿದವರು ಬಹಳ ಕಾಲ ಕಾಯಬೇಕಾಯಿತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು ಪಶ್ಚಿಮ ಘಟ್ಟಗಳ ಬಗ್ಗೆ 2011ರಲ್ಲಿ ವರದಿಯನ್ನೊಪ್ಪಿಸಿತು. ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಇನ್ನೊಂದನ್ನು. ಅನಂತರ ಕೇಂದ್ರವು 2014ರಿಂದ ಕರಡು ಪ್ರಕಟಣೆಗಳನ್ನು ಹೊರಡಿಸುತ್ತ ಬಂದು, 2024ರ ಜುಲೈ 31ರಂದು ಆರನೆಯದನ್ನು ಹೊರಡಿಸಿತು. ಅದರಲ್ಲಿ ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಸೇರಿತ್ತು. ಅದರ ಹಿಂದಿನ ದಿನ ಬೆಳಗಾಗುವ ಮುನ್ನವೇ ವಯನಾಡಿನ ಗುಡ್ಡ ಕುಸಿದು ನೂರಾರು ಜನ ಮಣ್ಣುಪಾಲಾಗಿದ್ದರು. ಅದೇ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಇಲ್ಲಿ ನಮ್ಮ ಸಮಾಜದ ವಿಚಿತ್ರವಾದ ಸ್ಥಿತಿಯೊಂದನ್ನು ಹೇಳದೆ ನಿರ್ವಾಹವಿಲ್ಲ. ಊರಿನಲ್ಲಿ ಅಣ್ಣತಮ್ಮಂದಿರು ಕಸ್ತೂರಿರಂಗನ್ ವರದಿಯ ವಿರುದ್ಧ ರಸ್ತೆಗಿಳಿದಾಗ, ಇಲ್ಲಿರುವ ನಾವು ದೂರವಾಣಿಯಲ್ಲಿ ‘ಹೌದು, ಬಿಡಬಾರದು’ ಎನ್ನುತ್ತೇವೆ. ತೋಟದ ಮನೆಗೆ ಒಂದು ಕೋಣೆ ಸೇರಿಸಲಿಕ್ಕೂ ದೆಹಲಿಯ ಅಪ್ಪಣೆ ಬೇಕಾದೀತೆಂಬ ಭಯ ಅವರಿಗಿದೆ. ಆ ಭಯವನ್ನು ಅವಿವೇಕವೆಂದು ತಳ್ಳಿಹಾಕಲಾಗದು. ಆದರೆ ಅದೇ ನಾವು ಕರ್ಜತ್ತಿನಲ್ಲಿ ನದೀತೀರದ ಜಾಗಕ್ಕೆ ಮುಂಗಡ ಕೊಡಲು ಹೊರಟಾಗ ಆ ಹಳ್ಳಿಯವನ ಭಯವೇನೆಂದು ವಿಚಾರಿಸುವುದಿಲ್ಲ. ಗಾಡ್ಗೀಳ್ ಸಮಿತಿಯು ಹೇಳಿದ್ದ ಮುಖ್ಯ ಮಾತು ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಯಾವ ಜಾಗಕ್ಕೆ ಯಾವ ಕಟ್ಟು ಎಂಬುದನ್ನು ಗ್ರಾಮಸಭೆಗಳಿಂದ ಚರ್ಚಿಸಿ ಮೇಲಕ್ಕೆ ತರಬೇಕು, ಮೇಲಿನಿಂದ ಹೇರಬಾರದು ಎಂದೇ ಆ ವರದಿಯಲ್ಲಿತ್ತು. ಹಾಗೆ ಚರ್ಚೆಗೆ ಇಡದೆ ಪಟ್ಟಿಯಲ್ಲಿ ಊರಿನ ಹೆಸರನ್ನು ಅಚ್ಚುಮಾಡಿ ಹೊರಡಿಸಿದರೆ ಜನರು ಎದುರಾಗದೆ ಏನು ಮಾಡಿಯಾರು?

ಇನ್ನು ಕಣಿವೆಯ ನೆಲ. ಮಾರಾಟಕ್ಕಿರುವುದು ಇದೇ. ‘ಮುಂಬಯಿಯಿಂದ ಎರಡೇ ಗಂಟೆ, ನದಿಯ ದಂಡೆ, ಬೆಟ್ಟದ ನೋಟ, ಸುಲಭ ಕಂತು’ ಎಂಬ ಜಾಹೀರಾತುಗಳು ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತವೆ. ನಮ್ಮ ಕಚೇರಿಗೂ ಬರುತ್ತವೆ. ಪತ್ರಿಕೆಯ ಕಾಗದದ ಲೆಕ್ಕ ನೋಡುವವರಿಗೆ ಜಾಹೀರಾತಿನ ಬೆಲೆ ಗೊತ್ತಿದೆ. ಆದರೂ ಜಾಹೀರಾತಿನಲ್ಲಿ ಇಲ್ಲದ ಸಂಗತಿಯನ್ನು ಲೇಖನದಲ್ಲಿ ಹೇಳುವುದು ನಮ್ಮ ಕರ್ತವ್ಯ. ಸಾತ್‌ಬಾರಾ ಉತಾರೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಊರಿನಲ್ಲಿ ಪಹಣಿ ಇದ್ದ ಹಾಗೆ ಅದು ಭೂಮಿಯ ದಾಖಲೆ ಮಾತ್ರ. ಆ ಸರ್ವೆ ನಂಬ್ರದ ಮೇಲೆ ಪ್ರಾದೇಶಿಕ ಯೋಜನೆಯು ಯಾವ ಬಣ್ಣವನ್ನು ಬಳಿದಿದೆ, ಅದು ಇಳಿಜಾರಿನಲ್ಲಿದೆಯೇ, ನೆರೆಯ ರೇಖೆಗಳೊಳಗಿದೆಯೇ ಎಂಬುವೇ ನಿಜವಾದ ಪ್ರಶ್ನೆಗಳು.

ನೆರೆಯ ರೇಖೆಗಳೆಂದರೆ ನೀಲಿ ಮತ್ತು ಕೆಂಪು. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಲ್ಲಿಯವರೆಗೆ ಏರುವುದೋ ಅಲ್ಲಿಗೆ ನೀಲಿ ರೇಖೆ. 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು ರೇಖೆ. ನದಿಗೂ ನೀಲಿ ರೇಖೆಗೂ ನಡುವೆ ಕಟ್ಟುವುದು ನಿಷಿದ್ಧ. ನೀಲಿಗೂ ಕೆಂಪಿಗೂ ನಡುವೆ ನಿರ್ಬಂಧವಿದೆ. ಈ ರೇಖೆಗಳಿಂದ ತಮ್ಮ ಜಾಗದ ಬೆಲೆ ಬಿತ್ತೆಂದು ಬದಲಾಪುರದಲ್ಲಿ ಗೊಣಗುವವರು ಬಹಳ ಮಂದಿ. 2019ರ ಜುಲೈ 27ರಂದು ಬದಲಾಪುರ, ವಾಂಗಣಿಗಳ ನಡುವೆ ಉಲ್ಹಾಸವು ಉಕ್ಕಿ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ನೀರಿನ ನಡುವೆ ನಿಂತುಬಿಟ್ಟು, ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರನ್ನು ರಕ್ಷಣಾ ಪಡೆಯವರು ದೋಣಿಗಳಲ್ಲಿ ಸಾಗಿಸಬೇಕಾಗಿ ಬಂದುದನ್ನು ಇವರು ಇಷ್ಟು ಬೇಗ ಮರೆತಿರಲಾರರು. ರೈಲಿನ ದಿಣ್ಣೆಯನ್ನೇ ಮುಳುಗಿಸಿದ ನದಿಗೆ ದಂಡೆಯ ಮೇಲಿನ ಫಾರ್ಮ್‌ಹೌಸಿನ ಕಂಪೌಂಡು ಗೋಡೆ ಯಾವ ಲೆಕ್ಕ?

ಹೋಟೆಲಿನವರಾಗಿ ನಾವು ಇನ್ನೊಂದು ಮಾತನ್ನು ಹೇಳಬಲ್ಲೆವು. ರೆಸಾರ್ಟು ಎಂಬುದು ಹೋಟೆಲೇ. ಅದರ ಗುಟ್ಟೆಲ್ಲವೂ ಹಿಂಬದಿಯಲ್ಲಿದೆ. ಮುಂದುಗಡೆ ಹುಲ್ಲುಹಾಸು, ಈಜುಕೊಳ, ಹಿಂದುಗಡೆ ಮೋರಿ. ನಗರದಲ್ಲಿ ನಮ್ಮ ಅಡಿಗೆಮನೆಯ ಮೋರಿಯು ಪಾಲಿಕೆಯ ಗಟಾರವನ್ನು ಸೇರುತ್ತದೆ; ತಪ್ಪಿದರೆ ಪಾಲಿಕೆಯವರು ನೋಟೀಸು ತರುತ್ತಾರೆ. ಹಳ್ಳಿಯಲ್ಲಿ ಗಟಾರವೆಂಬುದಿಲ್ಲ. ನೂರು ಜನ ಉಳಿಯುವ ಜಾಗದ ಕೊಳಚೆಯು ಗುಂಡಿಗೆ, ಗುಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ ಇಳಿಯುತ್ತದೆ. ಅದೇ ಜಾಗದ ಕೊಳವೆಬಾವಿಯು ಪಕ್ಕದ ಠಾಕರವಾಡಿಯ ಬಾವಿಯ ನೀರನ್ನು ಎಳೆದುಕೊಳ್ಳುತ್ತದೆ. ಕಲ್ಯಾಣದ ಬಳಿ ಉಲ್ಹಾಸದ ಮೇಲೆ ವರ್ಷವರ್ಷವೂ ಹಬ್ಬುವ ಜಲಕಳೆಯನ್ನು ಕಂಡವರು ಕಾರ್ಖಾನೆಗಳನ್ನು ಮಾತ್ರ ದೂರುತ್ತಾರೆ. ಆ ಕಳೆಗೆ ಗೊಬ್ಬರವಾಗುವುದು ಊರುಗಳ ಕೊಳಚೆ. ಮೇಲಿನ ಹಳ್ಳಿಗಳು ಊರುಗಳಾದಷ್ಟೂ ಗೊಬ್ಬರ ಹೆಚ್ಚು.

2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಲವಾಡಿಯು ಗುಡ್ಡದ ಕೆಳಗೆ ಹೂತುಹೋಯಿತು. ಮೊರಬೆ ಜಲಾಶಯದ ಮೇಲುಗಡೆ, ಇರ್ಶಾಲಗಡದ ಇಳಿಜಾರಿನಲ್ಲಿದ್ದ ಠಾಕರ ಆದಿವಾಸಿಗಳ ವಾಡಿ ಅದು. 27 ಶವಗಳು ದೊರೆತವು. 57 ಮಂದಿ ಸಿಕ್ಕಲೇ ಇಲ್ಲ, ನಾಲ್ಕು ದಿನಗಳ ಬಳಿಕ ಶೋಧವನ್ನೇ ನಿಲ್ಲಿಸಲಾಯಿತು. ಭೂಕುಸಿತದ ಅಪಾಯವಿರುವ ಗ್ರಾಮಗಳ ಪಟ್ಟಿಯಲ್ಲಿ ಆ ವಾಡಿಯ ಹೆಸರಿರಲಿಲ್ಲವೆಂದು ಸರಕಾರವೇ ಹೇಳಿತು. ಅಲ್ಲಿ ರೆಸಾರ್ಟಾಗಲಿ ಕ್ವಾರಿಯಾಗಲಿ ಇದ್ದುದಲ್ಲ. ಕಡಿದಾದ ಬೆಟ್ಟ ಮತ್ತು ಎಡೆಬಿಡದ ಮಳೆ, ಅಷ್ಟೆ. ಅಂಥ ಬೆಟ್ಟಕ್ಕೆ ಬುಲ್ಡೋಜರ್ ಹಚ್ಚಿದರೆ ಏನಾದೀತೆಂಬುದನ್ನು ಮರುವರ್ಷ, 2024ರ ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಕಂಡೆವು. ಹೆದ್ದಾರಿಯ ಅಗಲಕ್ಕಾಗಿ ಕಡಿದ ಗುಡ್ಡವು ಜಾರಿ, ದಾರಿಬದಿಯ ಚಹದಂಗಡಿಯೊಂದನ್ನು ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಗಂಗಾವಳಿಗೆ ನೂಕಿತು. ಆ ಸುದ್ದಿಯನ್ನು ಓದಿ ನಮ್ಮ ವೃತ್ತಿಬಾಂಧವರು ಎಷ್ಟು ಮರುಗಿದರೆಂಬುದನ್ನು ನಾವು ಬಲ್ಲೆವು. ಮಹಾರಾಷ್ಟ್ರದ ನಿಯಮದಲ್ಲಿ ಐದಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರಿನಲ್ಲಿ, ಎಂದರೆ ಐದು ಅಡಿ ನಡೆದರೆ ಒಂದು ಅಡಿಗಿಂತ ಹೆಚ್ಚು ಏರುವ ಜಾಗದಲ್ಲಿ, ಕಟ್ಟಡಕ್ಕೆ ಅನುಮತಿಯಿಲ್ಲ. ನಿಯಮವು ಚೆನ್ನಾಗಿದೆ. ಅದನ್ನು ಅಳೆಯುವವನು ಬೆಟ್ಟದ ಬುಡಕ್ಕೆ ಬರಬೇಕಲ್ಲ!

ಹಾಗಾದರೆ ಇಡೀ ಕಣಿವೆಗೆ ಬೀಗ ಹಾಕಬೇಕೆಂಬುದು ನಮ್ಮ ವಾದವೇ? ಅಲ್ಲ. ರಕ್ಷಣೆಯ ಭಾರವು ಯಾರ ಬೆನ್ನಿನ ಮೇಲೆ ಬೀಳುತ್ತದೆಂಬುದನ್ನು ಮಾಥೇರಾನಿನಲ್ಲಿಯೇ ಕಾಣಬಹುದು. ಮೋಟಾರಿಲ್ಲದ ಊರಿನಲ್ಲಿ ಸ್ಥಳೀಯ ಬಡವರು ಪ್ರವಾಸಿಗಳನ್ನು ಕೈಗಾಡಿಯಲ್ಲಿ ಕೂಡಿಸಿಕೊಂಡು ಏರು ದಾರಿಯಲ್ಲಿ ಎಳೆದರು. ಅವರಿಗೆ ಬ್ಯಾಟರಿಯ ರಿಕ್ಷಾ ಕೊಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, ಕೈರಿಕ್ಷಾ ಪದ್ಧತಿಯನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂಬ ಆಜ್ಞೆ ಬಂದುದು 2025ರ ಆಗಸ್ಟಿನಲ್ಲಿ. ಬೆಟ್ಟವನ್ನು ಉಳಿಸಿದ ಗೆರೆಯು ಮನುಷ್ಯನನ್ನು ಅಷ್ಟು ವರ್ಷ ಕುದುರೆಯ ಸ್ಥಾನದಲ್ಲಿಟ್ಟಿತು. ಗೆರೆಯ ತಪ್ಪಲ್ಲ ಅದು. ಅಲ್ಲಿನ ಜನರನ್ನು ಕೇಳದೆ ಗೆರೆಯನ್ನೆಳೆದವರ ತಪ್ಪು.

ಅಮೆರಿಕೆಯಲ್ಲಿ ಇದನ್ನು ಬೇರೊಂದು ಕ್ರಮದಿಂದ ಮಾಡಿದುದುಂಟು. ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಕೊಲಂಬಿಯಾ ನದಿಯು ಸುಮಾರು 80 ಮೈಲಿ ಉದ್ದದ ಮನೋಹರವಾದ ಕಮರಿಯಲ್ಲಿ ಹರಿಯುತ್ತದೆ. ಪಕ್ಕದ ಪೋರ್ಟ್‌ಲೆಂಡ್ ನಗರವು ಬೆಳೆದು ಕಮರಿಯೊಳಗೆ ಕಾಲಿಡುವ ಲಕ್ಷಣ ಕಂಡಾಗ, 1986ರ ನವೆಂಬರಿನಲ್ಲಿ ಅಲ್ಲಿನ ಸರಕಾರವು ಅದನ್ನು ರಾಷ್ಟ್ರೀಯ ರಮ್ಯ ಪ್ರದೇಶವೆಂದು ಘೋಷಿಸಿತು. ಕಮರಿಯಲ್ಲಿದ್ದ 13 ಪೇಟೆ ಪಟ್ಟಣಗಳನ್ನು ನಿರ್ಬಂಧದಿಂದ ಹೊರಗಿಟ್ಟಿತು. ಬೆಳವಣಿಗೆ ಅಲ್ಲಿ ಆಗಲಿ ಎಂದಿತು. ಉಳಿದ ಭೂಮಿಗೆ ಬಿಗಿಯಾದ ಕಟ್ಟು ಒಂದು, ಸಡಿಲವಾದ ಕಟ್ಟು ಒಂದು. ಇವುಗಳನ್ನು ನಡೆಸುವ ಆಯೋಗದಲ್ಲಿ ಎರಡೂ ರಾಜ್ಯಗಳ ಗವರ್ನರುಗಳು ನೇಮಿಸಿದವರಲ್ಲದೆ, ಕಮರಿಯ ಆರು ಕೌಂಟಿಗಳಿಂದ, ಅಂದರೆ ನಮ್ಮ ಜಿಲ್ಲೆಗಳಂಥ ಘಟಕಗಳಿಂದ, ಒಬ್ಬೊಬ್ಬ ಸದಸ್ಯರಿದ್ದಾರೆ. ಪ್ರತಿಯೊಂದು ಕೌಂಟಿಯೂ ತನ್ನ ಭೂನಿಯಮವನ್ನು ತಾನೇ ಮಾಡಿಕೊಳ್ಳಬಹುದು; ಮಾಡದಿದ್ದರೆ ಆಯೋಗವೇ ಅದನ್ನು ನಡೆಸುತ್ತದೆ. ಐದು ಕೌಂಟಿಗಳು ಮಾಡಿಕೊಂಡವು. ಕ್ಲಿಕಿಟಾಟ್ ಎಂಬುದೊಂದು ಒಲ್ಲೆನೆಂದಿತು, ಅಲ್ಲಿ ಆಯೋಗವು ನೋಡಿಕೊಂಡಿತು. ಇದರಲ್ಲಿ ನಮಗೆ ಮೆಚ್ಚಿಕೆಯಾದುದು ಕಾಯಿದೆಯ ಗಾತ್ರವಲ್ಲ. ಹಳಬನಿಗೆ ಬೆಳೆಯಲು ಜಾಗವನ್ನು ಮೊದಲು ಗುರುತಿಸಿ, ಬಳಿಕ ಹೊರಗಿನವನಿಗೆ ಬಾಗಿಲು ಮುಚ್ಚಿದ ಅನುಕ್ರಮ. ಕರ್ಜತ್ ಪಟ್ಟಣವೂ ನೇರಳವೂ ಬೆಳೆಯಲಿ, ಕಾತಕರಿ ಠಾಕರರ ವಾಡಿಗಳಿಗೆ ಮನೆಯ ಜಾಗ ಸಿಗಲಿ; ರಾಜಮಾಚಿಯ ಬುಡಕ್ಕೂ ನದಿಯ ದಂಡೆಗೂ ಪೇಟೆಯವರ ಬಂಗಲೆ ಬೇಡ. ಇದನ್ನು ನಕಾಶೆಯಲ್ಲಿ ಬರೆಯುವುದು ಕಷ್ಟದ ಕೆಲಸವೇನಲ್ಲ.

ಪೇಟೆಯವರಾದ ನಮ್ಮ ಪಾಲೂ ಇದರಲ್ಲಿದೆ. ಕಣಿವೆಯ ಒಳಭಾಗದಲ್ಲಿ, ಕೊಂಡಾಣೆಯ ಬಳಿ, ಉಲ್ಹಾಸಕ್ಕೆ ಅಣೆಕಟ್ಟನ್ನು ಕಟ್ಟುವ ಯೋಜನೆಯೊಂದಿದ್ದು, ನವಿ ಮುಂಬಯಿಯ ಹೊಸ ಬಡಾವಣೆಗಳಿಗೆ ನೀರು ಬೇಕೆಂದು 2017ರಲ್ಲಿ ರಾಜ್ಯ ಸರಕಾರವು ಅದನ್ನು ಸಿಡ್ಕೋಗೆ ಒಪ್ಪಿಸಿತು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಗಿ, ಪನವೇಲದಾಚೆಯ ಭೂಮಿಗೆ ಬೇಡಿಕೆ ಇನ್ನೂ ಏರಿದೆ. ನೀರು ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಅಣೆಕಟ್ಟಿನ ಹಿಂದಿನ ಇಳಿಜಾರುಗಳು ಬೋಳಾದರೆ ಅದರಲ್ಲಿ ನೀರಿಗಿಂತ ಮೊದಲು ಹೂಳು ತುಂಬುತ್ತದೆಂಬುದನ್ನು ಸಿಡ್ಕೋದ ಇಂಜಿನಿಯರರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಈ ಪ್ರದೇಶದ ನಕಾಶೆಯನ್ನು ಬರೆಯುವವರು ಒಬ್ಬಿಬ್ಬರಲ್ಲ. ಮುಂಬಯಿ ಮಹಾನಗರ ಪ್ರದೇಶದ ಪ್ರಾದೇಶಿಕ ಯೋಜನೆಯು ಮೊದಲು 1973ರಲ್ಲಿ, ಮತ್ತೆ 1999ರಲ್ಲಿ ಮಂಜೂರಾಯಿತು. 2016ರಿಂದ 2036ರವರೆಗಿನದಕ್ಕೆ 2021ರಲ್ಲಿ ಮಂಜೂರಾತಿ ದೊರೆಯಿತು. ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಗಳಿಗೆ 2013ರಲ್ಲಿ ಸಿಡ್ಕೋ ಯೋಜನಾ ಪ್ರಾಧಿಕಾರವಾಯಿತು. ಪಟ್ಟಣಗಳಿಗೆ ಅವವುಗಳ ನಗರ ಪರಿಷತ್ತುಗಳು. ಕರಡು ನಕಾಶೆ ಹೊರಟಾಗಲೂ, ಯಾವುದೋ ಸರ್ವೆ ನಂಬ್ರವನ್ನು ಹಸಿರಿನಿಂದ ಹಳದಿಗೆ ಬದಲಿಸುವಾಗಲೂ ಪ್ರಕಟಣೆ ಕೊಡಬೇಕೆಂದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯು ಹೇಳುತ್ತದೆ. ಪಟ್ಟಣದ ಅಭಿವೃದ್ಧಿ ಯೋಜನೆಯ ಕರಡಿಗೆ ಆಕ್ಷೇಪ ಸಲ್ಲಿಸಲು 30 ದಿನ. ಕೇಂದ್ರದ ಪರಿಸರ ಸೂಕ್ಷ್ಮ ವಲಯದ ಕರಡಿಗೆ 60 ದಿನ. ಮರಾಠಿ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಹರಕತೀ ವ ಸೂಚನಾ’ ಎಂಬ ಶಿರೋನಾಮೆಯೊಡನೆ ಅದು ಬರುತ್ತದೆ. ಗಿರಾಕಿಯೊಡನೆ ಮಾತಾಡುವ ಮರಾಠಿ ಬೇರೆ, ಸರಕಾರದ ಮರಾಠಿ ಬೇರೆ ಎಂದು ನಮ್ಮ ಹಿರಿಯರು ಹಿಂಜರಿಯುವುದುಂಟು. ಇಲ್ಲಿಯ ಶಾಲೆಗಳಲ್ಲಿ ಕಲಿತ ಅವರ ಮಕ್ಕಳಿಗೆ ಆ ತೊಡಕಿಲ್ಲ. ಭಾನುವಾರ ಅರ್ಧ ಗಂಟೆ ಕೂಡಿಸಿ ಓದಿಸಬಹುದು. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಕರಪತ್ರಕ್ಕೆ ಪಡುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲು ಸಾಕು.

ಆಕ್ಷೇಪದ ಪತ್ರಕ್ಕೆ ವಕೀಲರು ಬೇಕಾಗಿಲ್ಲ. ಗ್ರಾಮದ ಹೆಸರು, ಸರ್ವೆ ನಂಬ್ರ ಅಥವಾ ನಕಾಶೆಯ ಹಾಳೆಯ ಸಂಖ್ಯೆ, ಈಗಿರುವ ವಲಯ, ಮಾಡಹೊರಟಿರುವ ಬದಲಾವಣೆ, ಅದರಿಂದ ಇಳಿಜಾರಿಗೆ, ನದಿಗೆ ಅಥವಾ ಕುಡಿಯುವ ನೀರಿಗೆ ಆಗುವ ಬಾಧೆ, ಬರೆದವರ ಹೆಸರು ಮತ್ತು ವಿಳಾಸ ಇಷ್ಟು ಇದ್ದರೆ ಸಾಕು. ಆ ಊರಿನ ನಿವಾಸಿಯೇ ಆಗಿರಬೇಕೆಂಬ ನಿರ್ಬಂಧವಿಲ್ಲ. ನೀರು ಕುಡಿಯುವವನೂ ಬರೆಯಬಹುದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಂಡು ಬರಬೇಕು. ವಿಚಾರಣೆಗೆ ಕರೆದರೆ ಹೋಗಬೇಕು. ಜಾಗಕ್ಕೆ ಮುಂಗಡ ಕೊಡಲು ಹೊರಟವರಿದ್ದರೆ ಅವರು ಮೊದಲು ಅದೇ ಗ್ರಾಮದ ವಲಯ ದಾಖಲೆಯನ್ನೂ ನೀಲಿ, ಕೆಂಪು ರೇಖೆಗಳ ನಕಾಶೆಯನ್ನೂ ಕೇಳಿ ಪಡೆಯಲಿ. ದಲ್ಲಾಳಿ ತೋರಿಸುವ ಬಣ್ಣದ ಪುಸ್ತಿಕೆಯಲ್ಲಿ ಅವು ಇರುವುದಿಲ್ಲ.